ಅತ್ತೆಗೆ ಬಂದ ಮೀನಿನ ವಾಸನೆ

ಮೊನ್ನೆ ಶಾಲೆಯ ಹಳೆಯ ಟಿಪ್ಪಣಿ ಪುಸ್ತಕಗಳನ್ನು ರದ್ದಿಗೆ ಹಾಕಲು ಕೂತಿದ್ದೆ. ಹತ್ತನೇ ತರಗತಿಯ ಭೌತಶಾಸ್ತ್ರದ ಪುಸ್ತಕದೊಳಗಿಂದ ಮಡಚಿದ ಹಾಳೆಯೊಂದು ಜಾರಿ ಬಿತ್ತು. ಬಿಡಿಸಿ ನೋಡಿದರೆ ನನ್ನದೇ ಕೈಬರಹದ ವೇಳಾಪಟ್ಟಿ. ಬೆಳಿಗ್ಗೆ ಐದೂವರೆಯಿಂದ ಆರು: ಗೀಸರ್ ಮಾತ್ರ. ಆರರಿಂದ ಆರೂವರೆ: ಮಿಕ್ಸಿ ಹಾಕಬಹುದು, ಆದರೆ ಹಾಲಿನ ಎಸಿ ಬಂದ್. ವಾಷಿಂಗ್ ಮಷೀನ್ ಓಡುವಾಗ ಇಸ್ತ್ರಿ ನಿಷಿದ್ಧ. ಓವನ್ ಹಚ್ಚುವವರು ಮೊದಲು ಮನೆಯವರಿಗೆಲ್ಲ ತಿಳಿಸತಕ್ಕದ್ದು. 'ನಿಷಿದ್ಧ' ಎಂಬ ಪದದ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಬೇರೆ.

ಈ ಹಾಳೆ ಎರಡು ವರ್ಷದ ಹಿಂದಿನ ತನಕ ನಮ್ಮ ಅಡುಗೆಮನೆಯ ಪಕ್ಕದ ಗೋಡೆಯಲ್ಲಿದ್ದ ಡಿಬಿಯ ಬಾಗಿಲ ಮೇಲೆ ಅಂಟಿಕೊಂಡಿತ್ತು. ಡಿಬಿ ಎಂದರೆ ಮನೆಯ ಕರೆಂಟೆಲ್ಲ ಬಂದು ಕವಲೊಡೆಯುವ ಡಬ್ಬಿ. ಒಳಗೆ ಸಾಲಾಗಿ, ಹೊರೆ ಮೀರಿದರೆ ತಾವೇ ಆರಿಬಿಡುವ ಬ್ರೇಕರುಗಳು ಕೂತಿರುತ್ತವೆ. ನಿಯಮ ತಪ್ಪಿ ಎರಡು ಯಂತ್ರ ಒಟ್ಟಿಗೆ ಓಡಿದರೆ 'ಟಪ್' ಅನ್ನುತ್ತಿತ್ತು, ಮನೆ ಮೌನವಾಗುತ್ತಿತ್ತು. ಮಗಳು ಅನ್ವಿತಾ ತನ್ನ ಕೋಣೆಯಿಂದಲೇ "ಅಪ್ಪಾ, ಇಟ್ ಟ್ರಿಪ್ಡ್ ಅಗೈನ್" ಎಂದು ವರದಿ ಒಪ್ಪಿಸುತ್ತಿದ್ದಳು. ನಾನು ಸ್ಟೂಲು ಹತ್ತಿ ಬ್ರೇಕರ್ ಮೇಲೆತ್ತಿ, ಇಳಿದು, ಅಪರಾಧಿ ಯಾರೆಂದು ವಿಚಾರಣೆ ನಡೆಸುತ್ತಿದ್ದೆ. ಅಪರಾಧಿ ಹೆಚ್ಚಾಗಿ ನನ್ನ ಹೆಂಡತಿ ಸುಧಾ. ಅವಳ ಅಪರಾಧವೆಂದರೆ ಚಟ್ನಿ.

ಇಷ್ಟೆಲ್ಲ ಸಹಿಸಿಕೊಂಡಿದ್ದವನು ಏನು ಕೆಲಸ ಮಾಡುತ್ತಾನೆ ಎಂದು ನೀವು ಕೇಳಬಹುದು. ಹೇಳಲು ಸಂಕೋಚವಾಗುತ್ತದೆ. ನಾನು ಅಬುಧಾಬಿಯ ಶಾಲೆಯೊಂದರಲ್ಲಿ ಭೌತಶಾಸ್ತ್ರದ ಮೇಷ್ಟರು. ಪ್ರತಿವರ್ಷ ವಿದ್ಯುತ್ತಿನ ಪಾಠ ಮಾಡುತ್ತೇನೆ. ಓವರ್‌ಲೋಡ್ ಎಂದರೇನು ಎಂಬ ಪ್ರಶ್ನೆಗೆ ಮೂರು ಅಂಕ ಕೊಡುತ್ತೇನೆ.

ನಮ್ಮದು ಖಲೀಫಾ ಸಿಟಿಯ ಒಂದು ಮುಲ್ಹಕ್. ದೊಡ್ಡ ವಿಲ್ಲಾದ ಹಿತ್ತಲಿನಲ್ಲಿ, ಅದೇ ಕಾಂಪೌಂಡಿನೊಳಗೆ ಕಟ್ಟಿದ ಪುಟ್ಟ ಮನೆಯನ್ನು ಇಲ್ಲಿಯವರು ಹಾಗೆ ಕರೆಯುತ್ತಾರೆ. ಮುಂದಿನ ವಿಲ್ಲಾದಲ್ಲಿ ಮಾಲೀಕರಾದ ಅಬು ಸಯೀದ್ ಎಂಬ ಹಿರಿಯರು, ಹಿಂದೆ ನಾವು ಮೂವರು. ಏಳು ವರ್ಷ ಹಾಗೆಯೇ ಇದ್ದೆವು. ಇದ್ದೆವು ಎನ್ನುವುದಕ್ಕಿಂತ ಹೊರಡಲು ಕೂತಿದ್ದೆವು ಎನ್ನುವುದು ಸರಿ. ಮೊದಲ ದಿನದಿಂದಲೂ ನನ್ನದು ಒಂದೇ ಮಾತು, ಹೇಗೂ ಮುಂದಿನ ವರ್ಷ ಮೈಸೂರಿಗೆ ಹೋಗುತ್ತೇವಲ್ಲ. ಆದ್ದರಿಂದ ಊಟದ ಮೇಜು ಕೊಳ್ಳಲಿಲ್ಲ, ಮಡಚುವ ಮೇಜಿನಲ್ಲೇ ಉಂಡೆವು. ಕಿಟಕಿಗೆ ಸರಿಯಾದ ಪರದೆ ಹಾಕಲಿಲ್ಲ, ಸುಧಾಳ ಎರಡು ಹಳೆಯ ಸೀರೆ ಆ ಕೆಲಸ ಮಾಡಿದವು. ಡಿಬಿ ಬದಲಾಯಿಸೋಣ ಎಂದು ಸುಧಾ ಕೇಳಿದಾಗಲೆಲ್ಲ, ಬಿಟ್ಟುಹೋಗುವ ಮನೆಗೆ ಯಾಕೆ ಎನ್ನುತ್ತಿದ್ದೆ. ಮೇಲಾಗಿ ಒಳಗೊಳಗೇ ಒಂದು ಹೆದರಿಕೆಯೂ ಇತ್ತು. ಮಾಲೀಕರ ಹತ್ತಿರ ದೂರು ತೆಗೆದುಕೊಂಡು ಹೋದರೆ, ಅಷ್ಟು ಕಷ್ಟವಾದರೆ ಬೇರೆ ಮನೆ ನೋಡಿಕೊಳ್ಳಿ ಎಂದುಬಿಟ್ಟರೆ? ಬಾಡಿಗೆ ಮನೆಯಲ್ಲಿ ಬೆಳೆದವನಿಗೆ ಆ ಹೆದರಿಕೆ ರಕ್ತದಲ್ಲೇ ಇರುತ್ತದೆ.

ನಾನು ಬೆಳೆದದ್ದು ಮೈಸೂರಿನ ಒಂದು ವಠಾರದಲ್ಲಿ. ಆರು ಮನೆ, ಒಂದೇ ಮೀಟರು. ಕಾಯಿಲ್ ಒಲೆಯನ್ನು ಯಾರೂ ಇಟ್ಟುಕೊಳ್ಳಕೂಡದೆಂದು ವಠಾರದ ಯಜಮಾನರ ಕಟ್ಟಪ್ಪಣೆ. ಆದರೂ ಸಂಜೆ ನಾವು ಮಕ್ಕಳು ಓದುತ್ತಾ ಕೂತಿದ್ದಾಗ ಬಲ್ಬುಗಳೆಲ್ಲ ಒಮ್ಮೆಲೇ ಮಂಕಾಗುತ್ತಿದ್ದವು. ಯಾರದೋ ಮನೆಯಲ್ಲಿ ಕದ್ದುಮುಚ್ಚಿ ಒಲೆ ಹತ್ತಿತು ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ, ಯಾಕೆಂದರೆ ನಾಳೆ ಆ ಒಲೆ ತಮ್ಮದೂ ಆಗಿರಬಹುದು. ಫ್ಯೂಸು ಹೋದರೆ ಮೂರನೇ ಮನೆಯ ಶಂಕರಣ್ಣ ಪಿಂಗಾಣಿಯ ಕಟ್‌ಔಟ್ ಕಿತ್ತು ತಂತಿ ಸುತ್ತುತ್ತಿದ್ದರು. ಮೇಲಿಂದ ಮೇಲೆ ಹೋಗಲು ಶುರುವಾದಾಗ ಅವರು ಬೇಸತ್ತು ನಾಲ್ಕು ಎಳೆ ತಂತಿ ಹೊಸೆದು ಹಾಕಿದರು. ಫ್ಯೂಸು ಆಮೇಲೆ ಹೋಗಲೇ ಇಲ್ಲ. ಒಂದು ದಿನ ಗೋಡೆಯ ವಯರೇ ಹೊಗೆಯಾಡಿತು. ಅವತ್ತು ಬಂದ ಲೈನ್‌ಮನ್ ಕಟ್‌ಔಟನ್ನು ಅಂಗೈಯಲ್ಲಿಟ್ಟು ನಮಗೆಲ್ಲ ತೋರಿಸಿ, ಇದು ಬಡಪಾಯಿ, ಮನೆ ಉಳಿಯಲೆಂದು ತಾನು ಸಾಯುತ್ತದೆ, ಇದನ್ನು ಸಾಯಲು ಬಿಡಿ ಎಂದಿದ್ದ. ನಾನು ಭೌತಶಾಸ್ತ್ರ ಓದಿದ್ದಕ್ಕೆ ಆ ಮನುಷ್ಯನೇ ಕಾರಣವಿರಬೇಕು. ಈಗಲೂ ತರಗತಿಯಲ್ಲಿ ಆ ಕಥೆಯನ್ನು ಹೇಳುತ್ತೇನೆ, ಶಂಕರಣ್ಣನ ದಡ್ಡತನಕ್ಕೆ ಮಕ್ಕಳನ್ನು ನಗಿಸುತ್ತೇನೆ.

ಇನ್ನು ಮುಂದಿನದನ್ನು ತಗ್ಗಿದ ದನಿಯಲ್ಲಿ ಹೇಳಬೇಕು. ಐದನೆಯ ವರ್ಷದ ಬೇಸಿಗೆಯಲ್ಲಿ ಬ್ರೇಕರ್ ದಿನಕ್ಕೆ ನಾಲ್ಕು ಸಲ ಬೀಳತೊಡಗಿತು. ಸುಧಾ ಮತ್ತು ಅನ್ವಿತಾ ಶಾಪಿಂಗಿಗೆ ಹೋಗಿದ್ದ ಒಂದು ದಿನ ಬೀದಿ ಮೂಲೆಯ ರಿಪೇರಿಯವನನ್ನು ಕರೆದು, ಇದಕ್ಕಿಂತ ಗಟ್ಟಿಯಾದದ್ದು ಹಾಕು ಎಂದೆ. ಅವನು ಹತ್ತು ನಿಮಿಷದಲ್ಲಿ ಇಪ್ಪತ್ತು ಆಂಪಿನ ಬ್ರೇಕರ್ ತೆಗೆದು ಮೂವತ್ತೆರಡರದ್ದು ಹಾಕಿ ಹೋದ. ವಯರು ಅದೇ ಹಳೆಯ ತೆಳು ವಯರು. ಬ್ರೇಕರ್ ಬೀಳುವುದು ಅಪರೂಪವಾಯಿತು. ವೇಳಾಪಟ್ಟಿಯ ಶಿಸ್ತಿನ ಫಲ ಎಂದು ಮನೆಯಲ್ಲಿ ಹೇಳಿಕೊಂಡೆ.

ಏಳನೆಯ ವರ್ಷ ಅನ್ವಿತಾ ಹತ್ತನೆಯ ತರಗತಿಗೆ ಬಂದಳು. ಅವಳಿಗೆ ಬೇಸಿಗೆ ರಜೆಯಲ್ಲೂ ಟ್ಯೂಷನ್. ಹಾಗಾಗಿ ನಾವು ಊರಿಗೆ ಹೋಗುವ ಬದಲು ಅತ್ತೆಯನ್ನೇ, ಅಂದರೆ ಸುಧಾಳ ತಾಯಿಯನ್ನೇ, ಇಲ್ಲಿಗೆ ಕರೆಸಿಕೊಂಡೆವು. ಆಗಸ್ಟ್ ತಿಂಗಳಲ್ಲಿ ಅಬುಧಾಬಿಗೆ ಬರುವವರು ಒಂದೋ ಏನೂ ತಿಳಿಯದವರು, ಇಲ್ಲ ಮೊಮ್ಮಕ್ಕಳಿರುವವರು. ಅತ್ತೆ ಎಂಟನೆಯ ತರಗತಿಯವರೆಗೆ ಓದಿದವರು, ಅವರ ಅಡುಗೆಮನೆಯಲ್ಲಿ ಬೆಳ್ಳುಳ್ಳಿಗೂ ಪ್ರವೇಶವಿಲ್ಲ, ಮೂಗು ಬಹಳ ಚುರುಕು. ಹಾಲು ಒಡೆಯುವುದನ್ನು ಫ್ರಿಜ್ಜಿನ ಬಾಗಿಲು ತೆರೆಯದೆಯೇ ಹೇಳಬಲ್ಲರು.

ಬಂದ ಮೂರನೆಯ ದಿನ ಅತ್ತೆ ಸುಧಾಳನ್ನು ಕರೆದು, ನೀವು ಮೀನು ತಿನ್ನಲು ಶುರುಮಾಡಿದ್ದೀರಾ ಎಂದು ಮೆಲ್ಲಗೆ ಕೇಳಿದರು. ಸುಧಾ ನಕ್ಕಳು. ಅತ್ತೆ ನಗಲಿಲ್ಲ. ಅಡುಗೆಮನೆಯ ಹತ್ತಿರ ಮಧ್ಯಾಹ್ನದ ಹೊತ್ತು ಮೀನಿನ ವಾಸನೆ ಬರುತ್ತಿದೆ ಎಂದರು. ನಾನು ಹೋಗಿ ಮೂಸಿದೆ, ಏನೂ ಬರಲಿಲ್ಲ. ನನ್ನ ಮೂಗಿನ ಮೇಲೆ ನನಗೆ ವಿಶ್ವಾಸವಿಲ್ಲ, ಆದರೂ ಮೇಷ್ಟರ ಗತ್ತಿನಲ್ಲಿ ವಿವರಣೆ ಕೊಟ್ಟೆ. ಮುಂದಿನ ವಿಲ್ಲಾದವರು ದಿನವೂ ಮೀನು ಬೇಯಿಸುತ್ತಾರೆ, ಈ ಸೆಖೆಗೆ ಗಾಳಿ ಕದಲುವುದಿಲ್ಲ, ವಾಸನೆ ನಿಂತುಬಿಡುತ್ತದೆ. ಅತ್ತೆ ಅಳಿಯನ ಮಾತಿಗೆ ಎದುರಾಡುವವರಲ್ಲ. ಮಾರನೆಯ ದಿನ ಊದುಬತ್ತಿ ಹಚ್ಚಿದರು. ಮತ್ತೊಂದು ದಿನ ನೆಲವನ್ನು ನಿಂಬೆಹಣ್ಣಿನ ನೀರಿನಲ್ಲಿ ಒರೆಸಿಸಿದರು. ಅನ್ವಿತಾಳಿಗೆ ಇದೊಂದು ತಮಾಷೆಯಾಯಿತು. "ಅಜ್ಜೀಸ್ ಘೋಸ್ಟ್ ಫಿಶ್" ಎಂದು ಹೆಸರಿಟ್ಟಳು.

ಅದೇ ವಾರ ಹಾಲಿನ ದೀಪ ಆಗಾಗ ಕಣ್ಣು ಮಿಟುಕಿಸುತ್ತಿತ್ತು. ಮಿಕ್ಸಿ ಹಾಕಿದರೆ ಅದರ ದನಿ ನಡುವೆ ಕುಗ್ಗಿ ಮತ್ತೆ ಏರುತ್ತಿತ್ತು. ನಾನು ಎರಡನ್ನೂ ಗಮನಿಸಿದ್ದೆ. ಗಮನಿಸಿ, ಬಲ್ಬು ಬದಲಾಯಿಸಿದೆ.

ಒಂದು ಮಧ್ಯಾಹ್ನ, ಊಟಕ್ಕೆ ಮುಂಚೆ, ಅತ್ತೆ ತಮ್ಮಷ್ಟಕ್ಕೆ ತನಿಖೆಗೆ ಹೊರಟರು. ಸಿಂಕು ಮೂಸಿದರು, ಕಸದ ಡಬ್ಬಿ ಮೂಸಿದರು, ಕಪಾಟಿನ ಹಿಂದೆ ಮೂಸಿದರು. ಕೊನೆಗೆ ಡಿಬಿಯ ಮುಂದೆ ತುದಿಗಾಲಲ್ಲಿ ನಿಂತು, ಕೈಚಾಚಿ, ನನ್ನ ವೇಳಾಪಟ್ಟಿಯ ಮೇಲೆ, ಕೆಂಪು ಗೆರೆಗಳ ಮೇಲೆಯೇ, ಅಂಗೈ ಇಟ್ಟರು. ಇಟ್ಟ ಕೈಯನ್ನು ತಕ್ಷಣ ತೆಗೆದು ಸೆರಗಿಗೆ ಒರೆಸಿಕೊಂಡರು.

"ಅಳಿಯಂದ್ರೇ, ಸ್ವಲ್ಪ ಬನ್ನಿ ಇಲ್ಲಿ. ಇಡ್ಲಿ ಪಾತ್ರೆ ಮುಟ್ಟಿದ ಹಾಗಿದೆ."

ನಾನೂ ಮುಟ್ಟಿದೆ. ತಗಡು ಸುಡುತ್ತಿತ್ತು. ಆಗ ನನ್ನ ಮೊದ್ದು ಮೂಗಿಗೂ ಆ ವಾಸನೆ ಬಂತು, ಮಂಗಳೂರಿನ ಬಂದರಿನ ಹತ್ತಿರ ಹೋದಾಗ ಬರುವಂಥದ್ದು. ಇಷ್ಟಾದರೂ, ಎಸಿ ಆರಿಸಿದರೆ ಸೆಖೆಯಲ್ಲಿ ನಿಮಗೇ ಕಷ್ಟ, ಸಂಜೆ ಯಾರನ್ನಾದರೂ ಕರೆಸೋಣ ಎಂದು ತೊದಲಿದೆ. ಅಲ್ಲಿಯವರೆಗೆ ಒಮ್ಮೆಯೂ ನನ್ನ ಮಾತಿಗೆ ಇಲ್ಲ ಎನ್ನದಿದ್ದ ಅತ್ತೆ, ಸ್ಟೂಲನ್ನು ಡಿಬಿಯ ಮುಂದಕ್ಕೆ ಎಳೆದರು.

"ಈಗಲೇ ಆರಿಸಿ. ನಾವು ಹೊರಗಡೆ ಕೂತಿರ್ತೀವಿ."

ಮೇನ್ ಸ್ವಿಚ್ ಇಳಿಸಿದೆ. ನಾಲ್ಕೂ ಜನ ಕಾಂಪೌಂಡಿನ ನೆರಳಿನಲ್ಲಿ ಸಾಲಾಗಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತೆವು. ಗಾಳಿಯೇ ಒಲೆಯಿಂದ ಇಳಿಸಿದ ಹಾಗಿತ್ತು. ಅತ್ತೆ ಬೀಸಣಿಗೆಯಂತೆ ಹಳೆಯ ಪತ್ರಿಕೆಯೊಂದನ್ನು ಬೀಸುತ್ತಾ ಮೊಮ್ಮಗಳಿಗೆ ಗಾಳಿ ಹಾಕುತ್ತಿದ್ದರು, ನನ್ನ ಕಡೆ ನೋಡುತ್ತಿರಲಿಲ್ಲ. ನಾನು ಇಬ್ರಾಹಿಂಗೆ ಫೋನ್ ಮಾಡಿದೆ.

ಇಬ್ರಾಹಿಂ ನಮ್ಮ ಶಾಲೆಯ ಕರೆಂಟಿನ ಕೆಲಸ ನೋಡಿಕೊಳ್ಳುವ ಕಂಪನಿಯ ಇಲೆಕ್ಟ್ರಿಷಿಯನ್. ಉಪ್ಪಿನಂಗಡಿ ಕಡೆಯ ಬ್ಯಾರಿ, ಐವತ್ತರ ಆಸುಪಾಸು. ಇಲ್ಲಿಗೆ ಬಂದು ಇಪ್ಪತ್ತು ವರ್ಷವಾದರೂ ಕಾರ್ಮಿಕರೇ ಹೆಚ್ಚಿರುವ ಮುಸಫ್ಫಾದಲ್ಲಿ ನಾಲ್ವರ ಜೊತೆ ಒಂದೇ ಕೋಣೆಯ ವಾಸ. ಒಂದು ಗಂಟೆಯೊಳಗೆ ಬಂದ. ಬಾಗಿಲಲ್ಲೇ ಅತ್ತೆ ಅವನಿಗೆ ಮೀನಿನ ವಾಸನೆಯ ಕಥೆಯನ್ನೆಲ್ಲ ಮೊದಲಿನಿಂದ ಹೇಳಿದರು. ಅವನು ನಗದೆ ಕೇಳಿಸಿಕೊಂಡ, ಡಿಬಿಯ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿದ, ಮೂಗು ಹತ್ತಿರ ತಂದು ಎರಡು ಸಲ ಉಸಿರೆಳೆದ.

"ಅಮ್ಮ ಹೇಳಿದ್ದು ಸರಿ ಉಂಟು ಮಾಷ್ಟ್ರೆ. ಮೀನಿನ ಹಾಗೆಯೇ ಬರುದು. ನಾನು ಮೀನು ತಿಂದೇ ದೊಡ್ಡವ ಆದದ್ದು, ನನಗೆ ಗೊತ್ತಾಗ್ತದೆ. ಆದ್ರೆ ಇದು ಮೀನಲ್ಲ. ಒಳಗೆ ಪ್ಲಾಸ್ಟಿಕ್ ಬೇಯ್ತಾ ಉಂಟು."

ಟಾರ್ಚು ಹಿಡಿದು ತೋರಿಸಿದ. ಕರೆಂಟು ಮರಳಿ ಹೋಗುವ ನ್ಯೂಟ್ರಲ್ ತಂತಿಗಳು ಬಂದು ಸೇರುವ ಹಿತ್ತಾಳೆಯ ಪಟ್ಟಿಯ ಒಂದು ತುದಿ ಸುಟ್ಟು ಕಪ್ಪಾಗಿತ್ತು. ಅಲ್ಲಿನ ಸ್ಕ್ರೂ ಸಡಿಲವಾಗಿ ವರ್ಷಗಟ್ಟಲೆ ಬಿಸಿಯಾಗುತ್ತಲೇ ಇತ್ತಂತೆ. ಬ್ರೇಕರಿನಿಂದ ಹೊರಟ ವಯರೊಂದರ ಹೊದಿಕೆ ಹಪ್ಪಳದಂತೆ ಒಣಗಿ, ಅವನು ಉಗುರಿನಿಂದ ತಟ್ಟಿದಾಗ ಪುಡಿಯಾಗಿ ಉದುರಿತು. ಬ್ರೇಕರಿನ ಮೇಲಿನ ಸಂಖ್ಯೆಯನ್ನು ಅವನು ಓದಿದ, ವಯರನ್ನು ಮತ್ತೆ ನೋಡಿದ, ಸಾವಕಾಶವಾಗಿ ನನ್ನ ಕಡೆ ತಿರುಗಿದ.

"ಈ ವಯರಿಗೆ ಮೂವತ್ತೆರಡು ಯಾರು ಹಾಕಿದ್ದು?"

ಸುಧಾ ತನಗೆ ಗೊತ್ತಿಲ್ಲವೆಂದಳು. ಮೊದಲಿದ್ದ ಬಾಡಿಗೆಯವರು ಹಾಕಿಸಿರಬೇಕು ಎಂಬ ಸುಳ್ಳು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿ ಅನ್ವಿತಾ ಒಣಗಿದ ಹೊದಿಕೆಯ ಪುಡಿಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. ಆ ವಯರು ಗೋಡೆಯೊಳಗೆ ಹೋಗುತ್ತಿದ್ದದ್ದು ಅವಳ ಕೋಣೆಗೆ. ನಾನೇ ಹಾಕಿಸಿದ್ದು ಎಂದೆ. ಎರಡು ವರ್ಷದಿಂದ ಮುಚ್ಚಿಟ್ಟದ್ದನ್ನೂ ಹೇಳಿದೆ. ಹೇಳುವಾಗ ನನಗೆ ವಠಾರದ ಶಂಕರಣ್ಣನ ಮುಖ ಕಣ್ಣ ಮುಂದೆ ಬಂತು. ಪಾಪ, ಅವರಿಗೆ ತಿಳಿದಿರಲಿಲ್ಲ. ನಾನು ತಿಳಿದೂ ಮಾಡಿದ್ದೆ.

ಸುಧಾ ಮಗಳ ಬೆರಳಿಗಂಟಿದ ಪುಡಿಯನ್ನು ಒರೆಸಿದಳು. ಬೈದಿದ್ದರೆ ಸುಲಭವಿತ್ತು. ಅತ್ತೆ ಅಡುಗೆಮನೆಗೆ ಹೋಗಿ ಎಲ್ಲರಿಗೂ ಒಂದೊಂದು ಲೋಟ ನೀರು ತಂದರು, ಮೊದಲನೆಯದನ್ನು ನನಗೇ ಕೊಟ್ಟರು.

ಇದನ್ನು ರಿಪೇರಿ ಮಾಡಿ ಪ್ರಯೋಜನವಿಲ್ಲ, ಡಬ್ಬಿಯೇ ಈ ಮನೆಗೆ ಸಾಲದು, ದೊಡ್ಡದು ಹಾಕಬೇಕು ಎಂದ ಇಬ್ರಾಹಿಂ. ಮುಂದಿನ ವಿಲ್ಲಾದಿಂದ ಬರುವ ಕೇಬಲ್ಲೂ ಸಣ್ಣದು, ಅಂಗಳ ಅಗೆದು ಹೊಸದು ಎಳೆಯಬೇಕು, ವಿದ್ಯುತ್ ಇಲಾಖೆಯ ಒಪ್ಪಿಗೆ ಬೇಕು, ಅದಕ್ಕೆ ಮಾಲೀಕರ ಸಹಿ ಬೇಕು. ಸುಟ್ಟದ್ದನ್ನೆಲ್ಲ ಕತ್ತರಿಸಿ ಬೇರೆ ಮಾಡಿ, ಹಾಲಿನ ಎಸಿ, ಫ್ರಿಜ್ಜು ಮತ್ತು ಎರಡು ದೀಪಕ್ಕೆ ಮಾತ್ರ ಸುರಕ್ಷಿತವಾಗಿ ಕರೆಂಟು ಕೊಟ್ಟು ಹೋದ.

ಆ ಸಂಜೆಯೇ ಅಬು ಸಯೀದರನ್ನು ನೋಡಲು ಹೊರಟೆ. ಚಪ್ಪಲಿ ಮೆಟ್ಟುವಷ್ಟರಲ್ಲಿ ಸುಧಾ ತಾನೂ ಬರುತ್ತೇನೆ ಎಂದಳು. ಅವರು ಅತಿಥಿಗಳನ್ನು ಕೂರಿಸುವ ಮಜ್ಲಿಸ್‌ನಲ್ಲಿ ಒಬ್ಬರೇ ಕೂತಿದ್ದರು. ಗಾಹ್ವಾ ಎಂಬ ಅರಬ್ಬಿ ಕಾಫಿ ಕೊಟ್ಟರು, ಖರ್ಜೂರದ ತಟ್ಟೆ ಮುಂದೆ ತಳ್ಳಿದರು. ಹಳೆಯ ಕಾಲದ ಎಮಿರಾತಿಗಳಂತೆ ಅವರಿಗೆ ಹಿಂದಿ ಚೆನ್ನಾಗಿ ಬರುತ್ತದೆ, ಮೇಷ್ಟರೆಂದು ನನ್ನನ್ನು ಉಸ್ತಾದ್ ಎಂದೇ ಕರೆಯುತ್ತಾರೆ. ಮೂವತ್ತೆರಡರ ಬ್ರೇಕರನ್ನೂ ಬಿಡದೆ ಎಲ್ಲವನ್ನೂ ಹೇಳಿದೆ. ಮೊಬೈಲಿನಲ್ಲಿದ್ದ ಸುಟ್ಟ ಪಟ್ಟಿಯ ಫೋಟೋವನ್ನು ಅವರು ಬಹಳ ಹೊತ್ತು ನೋಡಿದರು.

ಆಮೇಲೆ ತಿಳಿಯಿತು. ಆ ಮುಲ್ಹಕ್ ಕಟ್ಟಿಸಿದ್ದು ಅವರ ತಾಯಿಗಾಗಿ. ಆಕೆಗೆ ದೊಡ್ಡ ಮನೆಯ ಗದ್ದಲ ಬೇಡವಾಗಿತ್ತು, ಎಸಿಯಂತೂ ಮೈಗೇ ಆಗುತ್ತಿರಲಿಲ್ಲ. ಒಂದು ಫ್ಯಾನು, ಒಂದು ದೀಪ, ಒಂದು ರೇಡಿಯೋ ಸಾಕೆಂದಿದ್ದರಂತೆ. ಡಬ್ಬಿಯನ್ನು ಆಕೆಯ ಅಳತೆಗೆ ಹಾಕಿಸಿದ್ದು. ಆಕೆ ತೀರಿಕೊಂಡ ಮೇಲೆ ಎಸಿ, ಗೀಸರ್ ಎಂದು ಒಂದೊಂದೇ ಸೇರುತ್ತಾ ಹೋಯಿತು. ಡಬ್ಬಿಯನ್ನು ಮುಟ್ಟಲು ಅವರಿಗೆ ಮನಸ್ಸು ಬಂದಿರಲಿಲ್ಲ. ಏಳು ವರ್ಷ ಯಾಕೆ ಸುಮ್ಮನಿದ್ದಿರಿ, ನಿಮ್ಮ ಮಗು ಮಲಗುವ ಕೋಣೆಯಲ್ಲವೇ ಎಂದು ಕೇಳಿದರು. ಹಿಂದೆಯೇ ಇನ್ನೊಂದು ಪ್ರಶ್ನೆ ಹಾಕಿದರು. ಅಂಗಳ ಅಗೆಯುವ ಕೆಲಸ, ಅಮ್ಮ ನೆಟ್ಟ ಬೋರೆಗಿಡದ ಪಕ್ಕದಲ್ಲೇ ಕೇಬಲ್ಲು ಹೋಗಬೇಕು. ಮಾಡಿಸುತ್ತೇನೆ, ಆದರೆ ನೀವು ಇರುವವರೋ ಹೋಗುವವರೋ?

"ಕಿತನಾ ಸಾಲ್ ರಹೇಗಾ, ಉಸ್ತಾದ್?"

ಮುಂದಿನ ವರ್ಷ ಎಂಬ ಮಾತು ಅಭ್ಯಾಸಬಲದಿಂದ ಗಂಟಲಿಗೆ ಬಂತು. ಅದು ಹೊರಬರುವ ಮೊದಲೇ ಸುಧಾ ಬಾಯಿ ತೆರೆದಳು. ಅವಳ ಹಿಂದಿ ಮೈಸೂರಿನ ಹಿಂದಿ, ಲಿಂಗ ವಚನಗಳ ಗೊಡವೆ ಇಲ್ಲದ್ದು.

"ಪಾಂಚ್ ಸಾಲ್," ಎಂದಳು. "ಶಾಯದ್ ಜ್ಯಾದಾ."

ಅಬು ಸಯೀದ್ ಮುಗುಳ್ನಕ್ಕು ಅವಳ ಬಟ್ಟಲಿಗೆ ಮತ್ತೆ ಗಾಹ್ವಾ ಸುರಿದರು. ಹೊರಗೆ ಬಂದ ಮೇಲೆ, ನನ್ನನ್ನೊಂದು ಮಾತು ಕೇಳಬಹುದಿತ್ತಲ್ಲ ಎಂದೆ. ಏಳು ವರ್ಷದಿಂದ ಕೇಳ್ತಾನೇ ಇದ್ದೀನಲ್ಲರೀ ಎಂದಳು. ಕೋಪವಿರಲಿಲ್ಲ ದನಿಯಲ್ಲಿ. ಬೋರೆಗಿಡದ ಕೆಳಗೆ ಬಂದಾಗ ನಿಂತಳು. ಊರಿಗೆ ಹೋಗುವುದು ಬೇಡವೆಂದಲ್ಲ, ಹೋಗುವ ತನಕ ಬದುಕುವುದನ್ನೂ ಮುಂದೂಡುವುದು ಬೇಡ ಎಂದಳು. ಏಳು ವರ್ಷ ನಾನು ಕಾಯ್ದುಕೊಂಡು ಬಂದ ಮಾತೊಂದು ಕೈಜಾರಿದಂತೆ ಅನ್ನಿಸಿತು, ಜೊತೆಗೆ ಹೆಗಲು ಹಗುರವಾದಂತೆಯೂ.

ಒಪ್ಪಿಗೆ ಬರಲು ಹನ್ನೆರಡು ದಿನ ಹಿಡಿಯಿತು. ಎಸಿ ಇದ್ದದ್ದು ಹಾಲಿನಲ್ಲಿ ಮಾತ್ರವಾದ್ದರಿಂದ ನಾಲ್ವರ ಊಟ, ಓದು, ನಿದ್ದೆ ಎಲ್ಲ ಅಲ್ಲೇ. ಅತ್ತೆಗೆ ಅದು ಹಬ್ಬದಂತಾಯಿತು. ಮೊಮ್ಮಗಳು ಕೋಣೆಯ ಬಾಗಿಲು ಹಾಕಿಕೊಳ್ಳುವಂತಿರಲಿಲ್ಲವಲ್ಲ. ಆ ಹನ್ನೆರಡು ದಿನಗಳಲ್ಲಿ ಅನ್ವಿತಾ ಪಗಡೆ ಆಡುವುದನ್ನು ಕಲಿತಳು, ಅಜ್ಜಿಗೆ ಫೋನಿನಲ್ಲಿ ಧ್ವನಿ ಸಂದೇಶ ಕಳಿಸುವುದನ್ನು ಕಲಿಸಿದಳು, ಇಂಗ್ಲಿಷಿನಲ್ಲಿ ಶುರುವಾದ ಜಗಳಗಳನ್ನು ಕನ್ನಡದಲ್ಲಿ ಮುಗಿಸತೊಡಗಿದಳು.

ಹಳೆಯ ಡಬ್ಬಿ ಕೀಳುವ ದಿನ ಅಬು ಸಯೀದ್ ಬಂದು ನಿಂತರು. ಅದು ಗೋಡೆಯಿಂದ ಕಳಚಿ ಬಂದಾಗ ಅದರ ತಗಡನ್ನು ಒಮ್ಮೆ ಸವರಿ, ತುಟಿಯೊಳಗೇ ಏನೋ ಪ್ರಾರ್ಥಿಸಿ, "ಖಲಾಸ್. ಯಲ್ಲಾ, ನಯಾ ಲಗಾವ್" ಎಂದು ಹೊಸದನ್ನು ಹಾಕಲು ಇಬ್ರಾಹಿಂಗೆ ಹೇಳಿ ಹೊರಟರು. ಬೋರೆಗಿಡದ ಬೇರಿಗೆ ತಾಗದಂತೆ ಕೇಬಲ್ಲನ್ನು ಒಂದು ಮಾರು ಸುತ್ತಿಸಿ ಎಳೆದಿದ್ದರು. ಹೋಗುವಾಗ ಅದನ್ನೂ ಬಗ್ಗಿ ನೋಡಿ ತಲೆದೂಗಿದರು.

ಮಧ್ಯಾಹ್ನದ ಹೊತ್ತಿಗೆ ಹೊಸ ಡಿಬಿ ಸಿದ್ಧವಾಯಿತು. ಮೂರೂ ಎಸಿ ಒಟ್ಟಿಗೆ ಓಡಿದವು, ಸುಧಾ ಅನುಮತಿ ಕೇಳದೆ ಚಟ್ನಿ ರುಬ್ಬಿದಳು. ಊಟ ಮಾಡಿಕೊಂಡೇ ಹೋಗಬೇಕೆಂದು ಅತ್ತೆ ಇಬ್ರಾಹಿಂನನ್ನು ಹಿಡಿದು ಕೂರಿಸಿದರು. ಅವನು ಕೈ ತೊಳೆದು ಬಂದವನು, ಒಂದು ನಿಮಿಷ ಎಂದು ಫೋನು ತೆಗೆದು ಊರಿಗೆ ವಿಡಿಯೋ ಕರೆ ಮಾಡಿದ. ಮಗಳು ಸಫಿಯಾ ಮಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಇಲೆಕ್ಟ್ರಿಕಲ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದಾಳಂತೆ. ತಾನು ಒಳ್ಳೆಯ ಕೆಲಸ ಮಾಡಿದ ದಿನ ಅವಳಿಗೆ ತೋರಿಸುವುದು ರೂಢಿ. ಮುಚ್ಚಳ ತೆಗೆದು, ಫೋನನ್ನು ಡಿಬಿಯ ಮೇಲಿಂದ ಕೆಳಗೆ ಮೆಲ್ಲಗೆ ಓಡಿಸಿದ. ತಂದೆ ಮಗಳು ಬ್ಯಾರಿ ಭಾಷೆಯಲ್ಲಿ ಮಾತಾಡುತ್ತಿದ್ದದ್ದು ನಮಗೆ ತಿಳಿಯಲಿಲ್ಲ. ಆದರೆ ಅವನು ಇದ್ದಕ್ಕಿದ್ದಂತೆ ಮೇನ್ ಇಳಿಸಿದ, ಎಸಿಗಳು ನಿಂತವು, ನಾವು ಗಾಬರಿಯಾದೆವು.

ಏನಿಲ್ಲ ಎಂದ ಇಬ್ರಾಹಿಂ. ನ್ಯೂಟ್ರಲ್ ಪಟ್ಟಿಯ ಪ್ರತಿಯೊಂದು ವಯರನ್ನೂ ಎಳೆದು ನೋಡಬೇಕಂತೆ ಅವಳಿಗೆ, ಅವಳ ಕಣ್ಣೆದುರಿಗೇ. ಅನ್ವಿತಾಳ ಕೈಗೆ ಫೋನು ಕೊಟ್ಟು, ಕಾಲೇಜಿನ ಹುಡುಗಿಯ ಮುಂದೆ ಪರೀಕ್ಷೆಗೆ ನಿಂತವನಂತೆ ಒಂದೊಂದನ್ನೇ ಎಳೆದು ತೋರಿಸಿದ. ಏಳು ಗಟ್ಟಿಯಾಗಿದ್ದವು. ಎಂಟನೆಯದು ಕೂದಲೆಳೆಯಷ್ಟು ಅಲುಗಿತು. ಅವನು ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದ, ಅರ್ಧ ಸುತ್ತು ಹೋಯಿತು. ಇಪ್ಪತ್ತು ವರ್ಷದ ಅನುಭವದ ಆ ಮನುಷ್ಯನ ಮುಖ ಕೆಂಪಾಗುತ್ತದೆ ಎಂದುಕೊಂಡಿದ್ದೆ. ಅವನು ನಮ್ಮೆಲ್ಲರ ಕಡೆ ತಿರುಗಿದಾಗ ಮುಖದಲ್ಲಿದ್ದದ್ದು ಬೇರೆಯೇ.

"ನೋಡಿದ್ರಾ ಮಾಷ್ಟ್ರೆ," ಎಂದ. "ನನಗಿಂತ ಮೇಲೆ ಹೋಗಿ ಆಯ್ತು ಅವಳು."

ಅತ್ತೆ ಅನ್ವಿತಾಳ ಕೈಯಿಂದ ಫೋನು ಈಸಿಕೊಂಡು, ಕನ್ನಡಕ ಸರಿಮಾಡಿಕೊಂಡು, ಆ ಹುಡುಗಿಯನ್ನು ಚೆನ್ನಾಗಿ ನೋಡಿದರು. ಊಟ ಆಯ್ತೇನಮ್ಮ ಎಂದು ಕೇಳಿದರು. ಈ ಮನೆಗೆ ಮುಂದೆ ಏನಾದರೂ ಬೇಕಾದರೆ ನೀನೇ ಬಂದು ಮಾಡಬೇಕು, ಇವರು ಇನ್ನೂ ಐದು ವರ್ಷ ಇಲ್ಲೇ ಇರುತ್ತಾರೆ ಎಂದರು. ಸಫಿಯಾ ನಾಚಿಕೊಂಡು, ಬರ್ತೇನೆ ಅಜ್ಜಿ, ಮೊದಲು ಪರೀಕ್ಷೆ ಮುಗಿಯಲಿ ಎಂದಳು. ಇಬ್ರಾಹಿಂ ಮೇನ್ ಎತ್ತಿದ. ಮೂರು ಎಸಿಗಳೂ ಒಂದರ ಹಿಂದೆ ಒಂದು ಉಸಿರು ತೆಗೆದುಕೊಂಡವು, ಸುಧಾ ಐವರಿಗೂ ತಟ್ಟೆ ಹಾಕಿದಳು.